ಕಾಕಾನ ಕುರಿ ಹಿಂಡು ಮತ್ತು ನಾಲ್ಕು ಇಂಗ್ಲಿಷ್ ಪದ

ಬ್ಯಾಂಕ್ ಪರೀಕ್ಷೆಗೆ ಓದುವಾಗ ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇತ್ತು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ. ದಿನಕ್ಕೆ ಮೂವತ್ತು ಪದ ಬಾಯಿಪಾಠ. ಕುಷ್ಟಗಿಯಲ್ಲಿ ಬಸ್ ಹತ್ತಿ ಶುರು ಮಾಡಿದರೆ ಕೊಪ್ಪಳ ಬರೋ ಹೊತ್ತಿಗೆ ಮೂವತ್ತೂ ಬಾಯಿಗೆ ಬರುತ್ತಿದ್ದವು. ವಾರ ಬಿಟ್ಟು ನೋಡಿದರೆ ನಾಲ್ಕೈದು ಉಳಿದಿರುತ್ತಿದ್ದವು ಅಷ್ಟೇ.

ಮರೆತಿದ್ದಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಅರ್ಧಂಬರ್ಧ ಕಲಿತ ಪದ. ಒಂದು ಸಂದರ್ಶನದಲ್ಲಿ ನಿಮ್ಮ ಊರಿನ ಬಗ್ಗೆ ಹೇಳಿ ಅಂದರು. ನಮ್ಮ ಕೊಪ್ಪಳದ ಗವಿಮಠದ ಜಾತ್ರೆ 'ನಟೋರಿಯಸ್' ಅಂದುಬಿಟ್ಟೆ. ನೋಟ್‌ಬುಕ್‌ನಲ್ಲಿ ಆ ಪದದ ಎದುರಿಗೆ 'ಎಲ್ಲರಿಗೂ ಗೊತ್ತಿರುವ' ಅಂತ ಬರೆದುಕೊಂಡಿದ್ದೆ. ಆದರೆ ಅದು ಕೆಟ್ಟದ್ದಕ್ಕೆ ಹೆಸರಾದವರಿಗೆ ಹೇಳುವ ಪದ. ಎದುರಿಗಿದ್ದವರು ತಿದ್ದಲಿಲ್ಲ, ಸುಮ್ನೆ ಮುಂದಿನ ಪ್ರಶ್ನೆಗೆ ಹೋದರು. ಮನೆಗೆ ಬಂದು ಡಿಕ್ಷನರಿ ತೆಗೆದು ನೋಡಿದಾಗ, ಅಷ್ಟೊಂದು ಜನ ಭಕ್ತಿಯಿಂದ ಸೇರುವ ಜಾತ್ರೆಗೆ ನನ್ನ ಬಾಯಿಂದ ಎಂಥ ಮಾತು ಬಂತಲ್ಲ ಅಂತ ಬಹಳ ಸಂಕಟವಾಯಿತು. ಪದದ ಅರ್ಥ ಗೊತ್ತಿತ್ತು, ಅದು ಎಂಥ ಮಾತುಗಳ ಜೊತೆ ಓಡಾಡುತ್ತದೆ ಅನ್ನೋದು ಗೊತ್ತಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಕಾಕಾನ ಕುರಿ.

ಅವತ್ತು ಒಂದು ಕುರಿಗೆ ಹುಷಾರಿರಲಿಲ್ಲ. "ಅದನ್ನ ಹಿಂಡಿನಾಗ ಬಿಡಬ್ಯಾಡೋ, ಬ್ಯಾರೆ ಕಟ್ಟು" ಅಂದ ಕಾಕಾ. ಹಿಂದಿನ ರಾತ್ರಿಯಷ್ಟೇ 'ಸೆಗ್ರಿಗೇಟ್' ಪದದ ಮೂಲ ಓದಿದ್ದೆ. ಲ್ಯಾಟಿನ್‌ನಲ್ಲಿ 'ಗ್ರೆಕ್ಸ್' ಅಂದರೆ ಹಿಂಡು, 'ಸೆ' ಅಂದರೆ ಬೇರೆಯಾಗಿ. ಹಿಂಡಿನಿಂದ ಬೇರೆ ಮಾಡೋದೇ ಸೆಗ್ರಿಗೇಟ್! ಹಗ್ಗ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಆಮೇಲೆ ಅದೇ ಮನೆತನದ ಉಳಿದ ಪದಗಳನ್ನು ಹುಡುಕಿದೆ. ಸಂಜೆ ಕುರಿಗಳೆಲ್ಲ ಒಂದು ಕಡೆ ಬಂದು ಸೇರುತ್ತವಲ್ಲ, ಅದು 'ಕಾಂಗ್ರಿಗೇಟ್'. ಒಂಟಿಯಾಗಿ ಇರಲಾರದೆ ನಾಲ್ಕು ಜನರ ನಡುವೆ ಇರಲು ಇಷ್ಟಪಡುವವರು 'ಗ್ರಿಗೇರಿಯಸ್', ನಮ್ಮ ಅಜ್ಜಿ ಥರ. ಇನ್ನು 'ಇಗ್ರೀಜಿಯಸ್', ಅಂದರೆ ಹಿಂಡಿನಿಂದ ಹೊರಗೆ ಎದ್ದು ಕಾಣುವಂಥದ್ದು. 16ನೇ ಶತಮಾನದಲ್ಲಿ ಇದನ್ನು ಹೊಗಳಲಿಕ್ಕೂ ಬಳಸುತ್ತಿದ್ದರು, ಈಗ ಕಣ್ಣಿಗೆ ಹೊಡೆಯುವಷ್ಟು ಕೆಟ್ಟದಾದ ತಪ್ಪಿಗೆ ಹೇಳುತ್ತಾರೆ. ಪದಗಳೂ ಕಾಲಕ್ಕೆ ತಕ್ಕಂತೆ ಗುಣ ಬದಲಿಸುತ್ತವೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹೀಗೆ ಹುಡುಕುವಾಗ ಇನ್ನೊಂದು ಸಿಕ್ಕಿತು, ಹೇಳದೆ ಇರಲಾಗುತ್ತಿಲ್ಲ. ಹಳೆಯ ರೋಮ್‌ನಲ್ಲಿ ಅಧಿಕಾರಕ್ಕೆ ಚುನಾವಣೆಗೆ ನಿಲ್ಲುವವರು ಬೆಳ್ಳಗೆ ಮಾಡಿದ ನಿಲುವಂಗಿ ತೊಡುತ್ತಿದ್ದರು. ಲ್ಯಾಟಿನ್‌ನಲ್ಲಿ 'ಕ್ಯಾಂಡಿಡಸ್' ಅಂದರೆ ಬೆಳ್ಳಗಿನದು, 'ಕ್ಯಾಂಡಿಡೇಟ್' ಬಂದಿದ್ದು ಅಲ್ಲಿಂದ. ನಮ್ಮಲ್ಲೂ ವೋಟು ಕೇಳಲು ಬರುವವರು ಬಿಳಿ ಬಟ್ಟೆಯಲ್ಲೇ ಬರ್ತಾರೆ ಅಲ್ವಾ? ಮುಚ್ಚುಮರೆ ಇಲ್ಲದ ಮಾತಿಗೆ ಹೇಳುವ 'ಕ್ಯಾಂಡಿಡ್' ಕೂಡ ಅದೇ ಬೇರಿನದು.

ಈಗ ದಿನಕ್ಕೆ ಐದೇ ಪದ. ಪ್ರತಿ ಪದಕ್ಕೂ ಒಂದು ಚೀಟಿ, ಅದರ ಮೇಲೆ ನಮ್ಮ ಊರಿನದೇ ಒಂದು ವಾಕ್ಯ. ಕಲಿತದ್ದು ಮೊದಮೊದಲು ಬೇಗ ಬೇಗ ಮರೆತುಹೋಗುತ್ತದೆ ಅಂತ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿಜ್ಞಾನಿ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದಿದ್ದ. ಅದಕ್ಕೆ ಬಿಟ್ಟು ಬಿಟ್ಟು ಮತ್ತೆ ಓದಬೇಕು. ಚಪ್ಪಲಿ ಡಬ್ಬಿಗೆ ರಟ್ಟು ಇಟ್ಟು ಮೂರು ಖಾನೆ ಮಾಡಿದ್ದೇನೆ. ಮೊದಲನೆಯದನ್ನು ದಿನಾ ನೋಡ್ತೀನಿ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ನೆನಪಿದ್ದರೆ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ಮರೆತರೆ ಮತ್ತೆ ಮೊದಲನೆಯದಕ್ಕೆ.

ಕುರಿಯ ನಾಲ್ಕೂ ಪದ ಮೂರನೇ ಖಾನೆಗೆ ಹೋಗಿವೆ. 'ನಟೋರಿಯಸ್' ಚೀಟಿಯನ್ನು ಮಾತ್ರ ಮೊದಲನೇ ಖಾನೆಯಲ್ಲೇ ಇಟ್ಟುಕೊಂಡಿದ್ದೇನೆ.