ರಾಜದೂತ್ 350: ಎರಡೂ ಸ್ಲೈಡ್ ಒಟ್ಟಿಗೆ ಏಳುವವರೆಗೆ

ಕಳೆದ ಸಲ ಬರೆದಾಗ ಗಾಡಿ ಸ್ಟಾರ್ಟ್ ಆಗುತ್ತಿತ್ತು, ಓಡುತ್ತಲೂ ಇತ್ತು. ಆದರೆ ಐಡ್ಲಿಂಗ್, ಅಂದರೆ ಎಕ್ಸಿಲೇಟರ್ ಬಿಟ್ಟಾಗಿನ ಇಂಜಿನ್ ಓಟ, ಒಂದೇ ಸಮ ಇರುತ್ತಿರಲಿಲ್ಲ. ಒಮ್ಮೆ ತಾನಾಗಿಯೇ ಏರುತ್ತಿತ್ತು, ಒಮ್ಮೆ ಸುಮ್ನೆ ಬಂದ್ ಆಗುತ್ತಿತ್ತು. ಎಕ್ಸಿಲೇಟರ್ ಸ್ವಲ್ಪ ತಿರುವಿದರೆ ಮೊದಲು ಬಲಗಡೆ ಸಿಲಿಂಡರ್ ಎಳೆಯುತ್ತಿತ್ತು, ಎಡಗಡೆಯದು ಆಮೇಲೆ ಬಂದು ಸೇರುತ್ತಿತ್ತು. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಗದ್ದಲದಲ್ಲಿ ಅರ್ಧ ಕ್ಲಚ್ ಹಿಡಿದು ಹೋಗುವಾಗ ಆ ಜಗ್ಗಾಟ ಚೆನ್ನಾಗಿ ಗೊತ್ತಾಗುತ್ತದೆ. ಈ ಸಲದ ಕೆಲಸ ಪೂರ್ತಿ ಅದರ ಮೇಲೆಯೇ ಹೋಯಿತು.

ಹೊಸದಾಗಿ ಓದುವವರಿಗೆ ಎರಡು ಮಾತು. ಯಮಹಾ ಆರ್‌ಡಿ 350 ಗಾಡಿಯನ್ನು ಎಸ್ಕಾರ್ಟ್ಸ್ ಕಂಪನಿ 1983ರಿಂದ ನಮ್ಮಲ್ಲಿ ರಾಜದೂತ್ 350 ಅಂತ ತಯಾರಿಸಿತು. 347 ಸಿಸಿ, ಟೂ ಸ್ಟ್ರೋಕ್, ಆರು ಗೇರ್, ಎರಡು ಸಿಲಿಂಡರ್. ಒಂದೊಂದು ಸಿಲಿಂಡರ್‌ಗೂ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಅದರದ್ದೇ ಕಾರ್ಬೋರೇಟರ್. ಅದರೊಳಗೆ ಮೇಲೆದ್ದು ಗಾಳಿಯ ದಾರಿ ತೆರೆಯುವ ತುಂಡೇ ಸ್ಲೈಡ್. ನಮ್ಮ ಹುಬ್ಬಳ್ಳಿ ಕಡೆ ಎರಡು ಸೈಲೆನ್ಸರ್ ಕಂಡರೆ ಜನಕ್ಕೆ ಮೊದಲು ನೆನಪಾಗುವುದು ಯೆಜ್ಡಿ. ಆದರೆ ಯೆಜ್ಡಿ 250ಕ್ಕೆ ಸೈಲೆನ್ಸರ್ ಎರಡಿದ್ದರೂ ಸಿಲಿಂಡರ್ ಒಂದೇ, ಕಾರ್ಬೋರೇಟರ್ ಒಂದೇ. ಅಲ್ಲಿ ಹೊಂದಿಸುವ ಪ್ರಶ್ನೆಯೇ ಬರುವುದಿಲ್ಲ. ಆರ್‌ಡಿಯಲ್ಲಿ ಹಾಗಲ್ಲ. ಎರಡು ಪಿಸ್ಟನ್ 180 ಡಿಗ್ರಿ ಅಂತರದಲ್ಲಿ ಒಂದಾದ ಮೇಲೊಂದು ಕೆಲಸ ಮಾಡುತ್ತವೆ. ಒಂದು ಸ್ಲೈಡ್ ತಡವಾಗಿ ಎದ್ದರೆ ಒಂದು ಸಿಲಿಂಡರ್ ದುಡಿಯುತ್ತದೆ, ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ. ನಡುಕ ಜಾಸ್ತಿ, ಪೆಟ್ರೋಲ್ ಜಾಸ್ತಿ.

ಹಳೇ ಹುಬ್ಬಳ್ಳಿಯಲ್ಲಿ ಆರ್‌ಡಿ ಹೊಸದಾಗಿ ಬಂದ ಕಾಲದಿಂದಲೂ ಕೆಲಸ ಮಾಡುತ್ತಿರುವ ಮಿಸ್ತ್ರಿ ಕಾಕಾ ಒಬ್ಬರಿದ್ದಾರೆ. ಗಾಡಿ ಶಬ್ದ ಕೇಳಿಸಿದೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಡದೆಯೇ ಹೇಳಿದರು: "ತಮ್ಮಾ, ಕಾರ್ಬೋರೇಟರ್ ಕಡೀಕ ಮುಟ್ಟು. ಮೊದಲ ಪಾಯಿಂಟ್ ನೋಡು, ಆಮ್ಯಾಲ ಗಾಳಿ ಎಲ್ಲಿಂದ ಒಳಗ ಹೊಂಟೈತಿ ನೋಡು. ಅವು ಸರಿ ಇಲ್ದ ಸ್ಕ್ರೂ ತಿರುವಿದ್ರ ಮತ್ತಷ್ಟು ಕೆಡ್ತದ."

ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಎರಡು ಕಾರ್ಬೋರೇಟರ್ ಹೊಂದಿಸುವುದು ಎಂದರೆ ಎರಡು ಸಿಲಿಂಡರ್ ಬೇರೆಲ್ಲ ವಿಷಯದಲ್ಲಿ ಸಮ ಇವೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ಮಾಡುವ ಕೊನೇ ಕೆಲಸ. ಬಹಳ ಜನ ಅಲ್ಲಿಂದಲೇ ಶುರು ಮಾಡುತ್ತಾರೆ. ಬೇರೆ ಕಡೆಯ ದೋಷವನ್ನು ಐಡ್ಲಿಂಗ್ ಸ್ಕ್ರೂನಿಂದ ಮುಚ್ಚುತ್ತಾರೆ.

ಪಾಯಿಂಟ್ ಅಂದರೆ ಪ್ಲಗ್‌ಗೆ ಕಿಡಿ ಯಾವಾಗ ಹೋಗಬೇಕು ಅಂತ ನಿರ್ಧರಿಸುವ ಸಣ್ಣ ಸ್ವಿಚ್. ಆ ಕೆಲಸ ಬೇಗ ಮುಗಿಯಿತು. ಎರಡು ಸೆಟ್ ಇವೆ, ಎಡಕ್ಕೊಂದು ಬಲಕ್ಕೊಂದು. ಎರಡರ ಗ್ಯಾಪನ್ನೂ 0.35 ಮಿ.ಮೀ.ಗೆ ತಂದೆ. ಪ್ಲಗ್ ತೂತಿನಲ್ಲಿ ಡಯಲ್ ಗೇಜ್ ಇಟ್ಟು ಟೈಮಿಂಗ್ ಬೇರೆ ಬೇರೆಯಾಗಿ ನೋಡಿದೆ. ಎಡಗಡೆ ಸ್ವಲ್ಪ ಹಿಂದೆ ಬಿದ್ದಿತ್ತು, ಸರಿ ಮಾಡಿದೆ. ಕಂಪ್ರೆಷನ್ ಎರಡೂ ಕಡೆ ಒಂದೇ ಇದೆ. ಕಾರ್ಬೋರೇಟರ್ ಬಿಚ್ಚಿ ತೊಳೆದು, ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಪೈಲಟ್ ಜೆಟ್‌ನ ತೂತನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗಿನ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್‌ನ ಎತ್ತರ ಎರಡರಲ್ಲೂ ಸಮ ಮಾಡಿದೆ. ಸ್ಲೈಡ್‌ಗೆ ಸಿಕ್ಕಿಸಿದ ನೀಡಲ್ (ಸೂಜಿ) ಹಿಡಿಯುವ ಕ್ಲಿಪ್ ಎರಡೂ ಕಡೆ ಒಂದೇ ಕಚ್ಚಿನಲ್ಲಿ ಕೂತಿವೆಯಾ ಅಂತ ಮರೆಯದೆ ನೋಡಿ. ಹಿಂದೆ ಯಾರೋ ಬಿಚ್ಚಿದ ಗಾಡಿಗಳಲ್ಲಿ ಅದೇ ಬೇರೆ ಬೇರೆ ಇರುತ್ತದೆ.

ಆಮೇಲೆ ಗಾಳಿಯ ವಿಷಯ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಕೋಣೆಗೆ ಬೇರೆ ಎಲ್ಲಿಂದ ಗಾಳಿ ನುಗ್ಗಿದರೂ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ. ಐಡ್ಲಿಂಗ್ ಏರಿ ಕೆಳಗೆ ಬರುವುದೇ ಇಲ್ಲ. ಬಲಗಡೆ ಕ್ಲಚ್ ಕಡೆಯ ಆಯಿಲ್ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಹೊಗೆ ಬರುತ್ತದೆ, ಗೊತ್ತಾಗುತ್ತದೆ. ಎಡಗಡೆ ಸೀಲ್ ಹೋದರೆ ಹೊಗೆಯೂ ಇಲ್ಲ, ಗುರುತೂ ಇಲ್ಲ. ಬರೀ ಗಾಳಿ ಒಳಗೆ ಹೋಗುತ್ತದೆ, ಪಿಸ್ಟನ್ ಬಿಸಿಯಾಗುತ್ತದೆ.

ಇದನ್ನು ಹಿಡಿಯಲು ಬಿಪಿ ನೋಡುವ ಹಳೆಯ ಯಂತ್ರ ಸಾಕು. ಅದರ ಗೇಜ್‌ನಲ್ಲಿ 300 ಅಂದರೆ ಸುಮಾರು 6 ಪಿಎಸ್‌ಐ. ಟೂ ಸ್ಟ್ರೋಕ್ ಇಂಜಿನ್ ಸೋರಿಕೆ ನೋಡಲು ಹೆಚ್ಚುಕಡಿಮೆ ಅಷ್ಟೇ ಒತ್ತಡ ಬೇಕು. ಕಾರ್ಬೋರೇಟರ್ ಬಿಚ್ಚಿ ಒಂದು ರಬ್ಬರ್ ಬಾಯಿಗೆ ಗಟ್ಟಿ ಬೂಚು, ಇನ್ನೊಂದಕ್ಕೆ ನಳಿಗೆ ಇರುವ ಬೂಚು. ಸೈಲೆನ್ಸರ್ ಬಾಯಿ ಎರಡನ್ನೂ ಮುಚ್ಚಿ ಬಲ್ಬ್ ಒತ್ತಿದೆ. ಮುಳ್ಳು 300ಕ್ಕೆ ಏರಿತು, ಕೈ ಬಿಟ್ಟ ಕೂಡಲೇ ಇಳಿಯತೊಡಗಿತು. ಸಾಬೂನು ನೀರನ್ನು ಬ್ರಷ್‌ನಿಂದ ಸೀಲ್ ಸುತ್ತ ಹಚ್ಚಿದೆ, ಗುಳ್ಳೆ ಇಲ್ಲ. ಹೆಡ್ ಸುತ್ತ ಹಚ್ಚಿದೆ, ಇಲ್ಲ. ಎಡಗಡೆ ಕಾರ್ಬೋರೇಟರ್ ಕೂರುವ ರಬ್ಬರ್‌ನ ಕೆಳಭಾಗದಲ್ಲಿ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ರಬ್ಬರ್ ಅಲ್ಯುಮಿನಿಯಂ ಪಟ್ಟಿಗೆ ಅಂಟಿಕೊಂಡಿರುತ್ತದಲ್ಲ, ಆ ಗೆರೆಯ ಮೇಲೆಯೇ ಸೀಳು. ಮೇಲಿನಿಂದ ನೋಡಿದರೆ ಕಾಣುವುದಿಲ್ಲ. ಬಾಗಿಸಿ ಹಿಡಿದಾಗ ಮಾತ್ರ ಬಾಯಿ ತೆರೆಯುತ್ತದೆ.

ಎರಡೂ ರಬ್ಬರ್ ಹೊಸವು ಹಾಕಿದೆ. ಒಂದನ್ನೇ ಬದಲಿಸಿ ಇನ್ನೊಂದು ಹಳೆಯದನ್ನು ಬಿಡುವುದು ನನಗೆ ಸರಿ ಅನಿಸುವುದಿಲ್ಲ. ಕೂರಿಸುವ ಮೊದಲು ಪಟ್ಟಿಯ ಮುಖವನ್ನು ಗಾಜಿನ ಮೇಲೆ ಪಾಲಿಶ್ ಪೇಪರ್ ಇಟ್ಟು ಉಜ್ಜಿ ಸಪಾಟು ಮಾಡಿದೆ. ಈಗ ಮುಳ್ಳು 300ರಲ್ಲೇ ನಿಲ್ಲುತ್ತದೆ. ಐಡ್ಲಿಂಗ್ ತಾನಾಗಿ ಏರುವುದೂ ನಿಂತಿತು.

ಈಗ ನಿಜವಾದ ಸಿಂಕ್, ಅಂದರೆ ಎರಡು ಕಾರ್ಬೋರೇಟರ್ ಹೊಂದಿಸುವುದು. ಈ ಕೆಲಸ ಮಾಡುವಾಗ ನನಗೆ ಬಹಳ ಖುಷಿ ಆಯಿತು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಇದರ ಕಾರ್ಬೋರೇಟರ್‌ನಲ್ಲಿ ಕೇಬಲ್ ನೇರವಾಗಿ ಸ್ಲೈಡ್ ಎತ್ತುತ್ತದೆ. ಹಾಗಾಗಿ ನೋಡಬೇಕಾದದ್ದು ಒಂದೇ: ಎಕ್ಸಿಲೇಟರ್ ತಿರುವಿದಾಗ ಎರಡೂ ಸ್ಲೈಡ್ ಒಂದೇ ಕ್ಷಣಕ್ಕೆ ಏಳುತ್ತವೆಯಾ ಅಂತ. ಒಂದೇ ಅಳತೆಯ ಎರಡು ಸೈಕಲ್ ಸ್ಪೋಕ್ ತಗೊಂಡೆ. ತುದಿಯನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದೆ, ಇಲ್ಲದಿದ್ದರೆ ಕಾರ್ಬೋರೇಟರ್ ಒಳಗೆ ಗೀರು ಬೀಳುತ್ತದೆ. ಏರ್ ಫಿಲ್ಟರ್ ತೆಗೆದು, ಐಡ್ಲಿಂಗ್ ಸ್ಕ್ರೂ ಎರಡನ್ನೂ ಪೂರ್ತಿ ಹಿಂದಕ್ಕೆ ತಿರುವಿ, ಒಂದೊಂದು ಸ್ಲೈಡ್‌ನ ಅಡಿಗೆ ಒಂದೊಂದು ಸ್ಪೋಕ್ ಸಿಕ್ಕಿಸಿದೆ. ಸ್ಪ್ರಿಂಗ್ ಒತ್ತಡಕ್ಕೆ ಸ್ಪೋಕ್ ಅಲ್ಲೇ ಕಚ್ಚಿ ನಿಲ್ಲುತ್ತದೆ, ಉಳಿದ ಉದ್ದ ಹಿಂದಕ್ಕೆ ಚಾಚಿರುತ್ತದೆ. ಕೆಳಗೆ ಒಂದು ಸ್ಟೀಲ್ ತಾಟು ಇಟ್ಟೆ.

ಎಕ್ಸಿಲೇಟರ್ ಕೂದಲೆಳೆಯಷ್ಟು ತಿರುವಿದರೆ ಸಾಕು, ಸ್ಲೈಡ್ ಎದ್ದ ಕಡೆಯ ಸ್ಪೋಕ್ ತಾಟಿಗೆ ಬೀಳುತ್ತದೆ. ಮೊದಲು ಟಣ್, ತಡೆದು ಇನ್ನೊಂದು ಟಣ್. ಬಲಗಡೆಯದೇ ಮುಂದೆ. ಕೇಬಲ್ ಅಡ್ಜಸ್ಟರ್ ಸ್ವಲ್ಪ ಸ್ವಲ್ಪ ತಿರುವುತ್ತಾ ಬಂದೆ. ಎರಡು ಶಬ್ದ ಹತ್ತಿರ ಬಂದವು, ಕೂಡಿದವು. ಆದರೆ ಮತ್ತೆ ಸಿಕ್ಕಿಸಿ ನೋಡಿದರೆ ಈ ಸಲ ಎಡಗಡೆಯದು ಮೊದಲು ಬಿತ್ತು. ಮುಂದಿನ ಸಲ ಮತ್ತೆ ಬಲಗಡೆಯದು.

ಇಲ್ಲಿ ಒಂದು ವಿಷಯ ಗಮನಿಸಿ. ವ್ಯತ್ಯಾಸ ಪ್ರತಿ ಸಲ ಅಷ್ಟೇ ಇದ್ದರೆ ಅದು ಅಡ್ಜಸ್ಟರ್‌ನ ಕೆಲಸ. ಸಲಕ್ಕೊಂದು ಥರ ಬದಲಾಗುತ್ತಿದ್ದರೆ ಎಲ್ಲೋ ಏನೋ ಸವೆದಿದೆ, ಎಷ್ಟು ತಿರುವಿದರೂ ಅದು ನಿಲ್ಲುವುದಿಲ್ಲ. ಹ್ಯಾಂಡಲ್ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿದೆ, ಅದರಿಂದ ಫರಕು ಬೀಳಲಿಲ್ಲ. ಅಂದ್ರೆ ಮೇಲಿನ ಕೇಬಲ್ ಸರಿ ಇದೆ. ಟ್ಯಾಂಕ್ ತೆಗೆದೆ.

ಎಕ್ಸಿಲೇಟರ್‌ನಿಂದ ಬರುವ ಕೇಬಲ್ ಒಂದೇ. ಟ್ಯಾಂಕ್ ಕೆಳಗೆ ಸಣ್ಣ ಕೊಳವೆಯೊಂದರಲ್ಲಿ ಅದು ಮೂರಾಗುತ್ತದೆ: ಎರಡು ಕಾರ್ಬೋರೇಟರ್‌ಗೆ, ಒಂದು ಆಯಿಲ್ ಪಂಪ್‌ಗೆ. ಕೊಳವೆಯೊಳಗೆ ಒಂದು ಗುಂಡಿ ಹಿಂದೆ ಮುಂದೆ ಜಾರುತ್ತದೆ, ಮೂರು ಕೇಬಲ್‌ಗಳ ತುದಿಯೂ ಅದಕ್ಕೇ ಸಿಕ್ಕಿಸಿರುತ್ತವೆ. ನನ್ನ ಗಾಡಿಯಲ್ಲಿ ಆ ಗುಂಡಿ ಒಂದು ಮಗ್ಗುಲಿಗೆ ಸವೆದು ಮೊಟ್ಟೆಯಾಕಾರ ಆಗಿತ್ತು. ಎಳೆದಾಗ ನೇರ ಬರದೆ ವಾಲುತ್ತಿತ್ತು. ಎತ್ತ ವಾಲಿತೋ ಅದರ ಎದುರಿನ ಕೇಬಲ್ ಮೊದಲು ಎಳೆಯುತ್ತಿತ್ತು. ಅಷ್ಟೇ ರೋಗ.

ಹುಬ್ಬಳ್ಳಿಯಲ್ಲಿ ಇಂಥದ್ದಕ್ಕೆ ಊರೂರು ತಿರುಗಬೇಕಿಲ್ಲ. ಗೋಕುಲ ರೋಡಿನ ಲೇಥ್ ಅಂಗಡಿಗೆ ಹಳೆಯ ಗುಂಡಿ, ಕೊಳವೆ ಎರಡನ್ನೂ ಒಯ್ದೆ. ಅಲ್ಲಿಯ ಅಣ್ಣ ಕೊಳವೆಯ ಒಳಗನ್ನು ವರ್ನಿಯರ್‌ನಿಂದ ಅಳೆದು, ನೈಲಾನ್ ರಾಡ್ ಹಚ್ಚಿ, ನಾನು ಚಹಾ ಕುಡಿದು ಬರುವಷ್ಟರಲ್ಲಿ ಕಡೆದು ಕೊಟ್ಟರು. "ಒಳಗ ಜಾರಬೇಕ್ರಿ, ಅಲುಗಾಡಬಾರದು" ಅಂತ ಹೇಳಿ ತಾವೇ ಹಾಕಿ ತೆಗೆದು ತೋರಿಸಿದರು. ಉದ್ದವನ್ನೂ ಹಳೆಯದಕ್ಕಿಂತ ತುಸು ಜಾಸ್ತಿ ಇಟ್ಟಿದ್ದಾರೆ, ವಾಲುವುದಕ್ಕೆ ಜಾಗವೇ ಇಲ್ಲ.

ಹಾಕಿ, ಅಡ್ಜಸ್ಟರ್ ಹೊಸದಾಗಿ ಹೊಂದಿಸಿ, ಸ್ಪೋಕ್ ಸಿಕ್ಕಿಸಿದೆ. ಒಂದೇ ಟಣ್. ಮತ್ತೆ ಹಾಕಿದೆ, ಮತ್ತೆ ಒಂದೇ. ಮನೆಯವರೆಲ್ಲ ಹೊರಗೆ ಬಂದು ನೋಡುವಷ್ಟು ಸಲ ಬೀಳಿಸಿದೆ.

ಇಂಜಿನ್ ಓಡಿಸಿ ಮಾಡುವ ಹೊಂದಾಣಿಕೆ ಇದಾದ ಮೇಲೆ. ಐಡ್ಲಿಂಗ್‌ನಲ್ಲಿ ಗಾಳಿಯ ಪಾಲು ಹೊಂದಿಸುವ ಏರ್ ಸ್ಕ್ರೂ ಎರಡನ್ನೂ ಒಂದೂವರೆ ಸುತ್ತು ಬಿಚ್ಚಿ ಇಟ್ಟೆ. ಎಡಗಡೆ ಪ್ಲಗ್ ಕ್ಯಾಪ್ ತೆಗೆದು, ಅದಕ್ಕೆ ಬೇರೆ ಪ್ಲಗ್ ಸಿಕ್ಕಿಸಿ ಹೆಡ್‌ಗೆ ತಾಗಿಸಿಟ್ಟೆ. ಸುಮ್ನೆ ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಹಾಳಾಗುತ್ತದೆ. ಬಲಗಡೆ ಸಿಲಿಂಡರ್ ಒಂದೇ ಎಷ್ಟು ಕಡಿಮೆಯಲ್ಲಿ ಬಂದ್ ಆಗದೆ ಓಡುತ್ತದೋ ಅಲ್ಲಿಗೆ ಅದರ ಸ್ಕ್ರೂ ನಿಲ್ಲಿಸಿದೆ. ಎಡಗಡೆಗೂ ಹಾಗೇ. ಎರಡೂ ಕೂಡಿ ಓಡುವಾಗ ಐಡ್ಲಿಂಗ್ ಏರುತ್ತದೆ, ಆಗ ಎರಡು ಸ್ಕ್ರೂ ಸಮ ಸಮವಾಗಿ ಹಿಂದಕ್ಕೆ. ಇಲ್ಲಿ ಒಂದನ್ನು ಮಾತ್ರ ಮುಟ್ಟಿದರೆ ಅಷ್ಟೂ ಕೆಲಸ ನೀರಿಗೆ ಹಾಕಿದ ಹಾಗೆ.

ಇನ್ನೊಂದನ್ನು ಒತ್ತಿ ಹೇಳುತ್ತೇನೆ: ಆಯಿಲ್ ಪಂಪ್ ಕೇಬಲ್. ಕಾರ್ಬೋರೇಟರ್ ಕೇಬಲ್ ಮುಟ್ಟಿದ ಮೇಲೆ ಪಂಪ್ ಕೇಬಲ್ ನೋಡಲೇಬೇಕು. ಕೇಬಲ್‌ನ ಸಡಿಲು ಮುಗಿದು ಸ್ಲೈಡ್ ಏಳಲು ಶುರುವಾಗುವ ಹೊತ್ತಿಗೆ ಪಂಪ್ ಚಕ್ರದ ಮೇಲಿನ ಗುರುತು ಪಿನ್‌ಗೆ ಸರಿಯಾಗಿ ಬಂದಿರಬೇಕು. ಅದು ಹಿಂದೆ ಬಿದ್ದರೆ ಎಕ್ಸಿಲೇಟರ್ ಕೊಟ್ಟಷ್ಟು ಆಯಿಲ್ ಹೋಗುವುದಿಲ್ಲ, ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರ್‌ನಲ್ಲೇ ಕಚ್ಚಿಕೊಳ್ಳುತ್ತದೆ. ನಾನು ಗುಂಡಿ ಬದಲಿಸಿದ್ದರಿಂದ ಗುರುತು ಸರಿದಿತ್ತು, ಹೊಂದಿಸಿದೆ.

ಬೆಳಿಗ್ಗೆ ರಸ್ತೆ ಖಾಲಿ ಇರುವಾಗ ಕುಸುಗಲ್ ಕಡೆ ಹೋಗಿ ಬಂದೆ. ಎರೆ ಹೊಲಗಳ ನಡುವೆ ನೇರ ರಸ್ತೆ, ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಾಲ್ಕನೇ ಗೇರ್‌ನಲ್ಲಿ ಒಂದೇ ಎಕ್ಸಿಲೇಟರ್ ಹಿಡಿದು ಸ್ವಲ್ಪ ದೂರ ಓಡಿಸಿ, ಕ್ಲಚ್ ಹಿಡಿದು ಅಲ್ಲೇ ಇಂಜಿನ್ ಬಂದ್ ಮಾಡಿ, ಪ್ಲಗ್ ಬಿಚ್ಚಿ ನೋಡಿದೆ. ಮೊದಲು ಎಡಗಡೆಯದು ಬೆಳ್ಳಗೆ (ಪೆಟ್ರೋಲ್ ಪಾಲು ಸಾಲದ ಗುರುತು), ಬಲಗಡೆಯದು ಕಂದು ಇರುತ್ತಿತ್ತು. ಈಗ ಎರಡರ ಬಣ್ಣವೂ ಒಂದೇ. ಕ್ಲಚ್ ಬಿಡುವಾಗಿನ ಜಗ್ಗಾಟ ಪೂರ್ತಿ ಹೋಗಿದೆ. ಹ್ಯಾಂಡಲ್‌ನ ನಡುಕ ಎಷ್ಟು ಇಳಿದಿದೆ ಅಂದರೆ, ಮೊದಲು ಏನೂ ಕಾಣದೇ ಇದ್ದ ಕನ್ನಡಿಯಲ್ಲಿ ಹಿಂದಿನ ಲಾರಿ ಕಾಣುತ್ತದೆ.

ಒಂದು ಕೆಲಸ ಉಳಿದಿದೆ. ಎರಡೂ ಪ್ಲಗ್‌ನ ಬಣ್ಣ ಸಮ ಇದೆ ನಿಜ, ಆದರೆ ಎರಡೂ ನನಗೆ ಬೇಕಾದುದಕ್ಕಿಂತ ತಿಳಿ. ಈಗ ಬಂಕ್‌ಗಳಲ್ಲಿ ಸಿಗುವುದು ಇ20, ಅಂದರೆ ಶೇ. 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಶುದ್ಧ ಪೆಟ್ರೋಲ್‌ಗೆ 14.7 ಪಾಲು ಗಾಳಿ ಬೇಕಾದರೆ ಎಥನಾಲ್‌ಗೆ ಸುಮಾರು 9 ಪಾಲು ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಹೆಚ್ಚು ಹಾಕಬೇಕು. ಹಾಗಾಗಿ ಆ ಕಾಲದ ಜೆಟ್‌ನಲ್ಲಿ ಈಗಿನ ಪೆಟ್ರೋಲ್ ಹಾಕಿದರೆ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲ್ ಪಾಲು ಹೆಚ್ಚಿಸಲು ಮೊದಲು ನೀಡಲ್ ಕ್ಲಿಪ್ ಒಂದು ಕಚ್ಚು ಕೆಳಗೆ ಹಾಕಿ ನೀಡಲ್ ಎತ್ತುತ್ತೇನೆ, ಆಮೇಲೆ ಪೂರ್ತಿ ಎಕ್ಸಿಲೇಟರ್‌ಗೆ ಪೆಟ್ರೋಲ್ ಬಿಡುವ ಮೇನ್ ಜೆಟ್ ಒಂದು ಸೈಜ್ ದೊಡ್ಡದು. ಎರಡೂ ಕಡೆ ಒಟ್ಟಿಗೆ. ಅಲ್ಲಿಯವರೆಗೆ ಅರ್ಧಕ್ಕಿಂತ ಜಾಸ್ತಿ ಎಕ್ಸಿಲೇಟರ್ ಕೊಡುವುದಿಲ್ಲ.