ಮೆಲ್ಬರ್ನ್ ಕಪ್‌ಗೆ ಮೈಸೂರು ಸಿಲ್ಕ್

ನವೆಂಬರ್ ತಿಂಗಳ ಮೊದಲ ಮಂಗಳವಾರ ಮೆಲ್ಬರ್ನ್‌ನಲ್ಲಿ ರಜೆ. ಹಬ್ಬವಲ್ಲ, ಚುನಾವಣೆಯಲ್ಲ, ಒಂದು ಕುದುರೆ ರೇಸ್‌ಗಾಗಿ! 1861ರಲ್ಲಿ ಶುರುವಾದ ಮೆಲ್ಬರ್ನ್ ಕಪ್. ನಾನು ಮೈಸೂರಿನವಳು. ಚಾಮುಂಡಿ ಬೆಟ್ಟಕ್ಕೆ ಹೋಗುವಾಗೆಲ್ಲ ರೇಸ್ ಕೋರ್ಸ್ ನೋಡಿದ್ದೇನೆ, ಅದೂ ಹೊರಗಿನಿಂದ. ನಮ್ಮ ಬೀದಿಯಲ್ಲಿ ರೇಸ್‌ಗೆ ಹೋಗುವವರು ಇದ್ದರು, ಆದರೆ ಹೋಗಿದ್ದೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಂಥ ಜಾಗಕ್ಕೆ ಏನು ಉಟ್ಟುಕೊಂಡು ಹೋಗಬೇಕು ಎಂಬ ಚಿಂತೆ ಯಾರಿಗೆ ಬರುತ್ತದೆ?

ಇಲ್ಲಿ ಚಿಂತೆ ಅದೊಂದೇ. ಆಫೀಸಿನ ಗೆಳತಿಯರು ಫ್ಲೆಮಿಂಗ್ಟನ್ ರೇಸ್ ಕೋರ್ಸ್‌ಗೆ ಟಿಕೆಟ್ ತೆಗೆದ ದಿನದಿಂದ ಕುದುರೆಯ ಮಾತು ಎತ್ತಿದವರಿಲ್ಲ. ಬರೀ ಬಟ್ಟೆ. ಕಪ್‌ಗೆ ಮುಂಚಿನ ಶನಿವಾರ ಡರ್ಬಿ ಡೇ, ಆ ದಿನ ಕಪ್ಪು ಬಿಳುಪು. ಮಂಗಳವಾರ ಎದ್ದು ಕಾಣುವ ಬಣ್ಣ. ಗುರುವಾರ ಓಕ್ಸ್ ಡೇ, ಹೂವಿನ ಚಿತ್ತಾರ, ತಿಳಿ ಬಣ್ಣ. ರೇಸ್ ಕ್ಲಬ್ ಸದಸ್ಯರ ಆವರಣಕ್ಕೆ ಉಡುಪಿನ ನಿಯಮಗಳೇ ಇವೆ. ನಮ್ಮಂಥ ಸಾಮಾನ್ಯ ಟಿಕೆಟ್‌ನವರಿಗೆ ಅಷ್ಟು ಕಟ್ಟುನಿಟ್ಟಿಲ್ಲ, ಆದರೂ ಎಲ್ಲರೂ ಅಲಂಕಾರ ಮಾಡಿಕೊಂಡೇ ಬರುತ್ತಾರೆ. ತಲೆಯ ಮೇಲೆ ಏನಾದರೂ ಇರಲೇಬೇಕು: ಟೋಪಿ, ಇಲ್ಲವೇ ಫ್ಯಾಸಿನೇಟರ್. ಗರಿ, ಹೂವು, ಬಲೆ ಎಲ್ಲ ಸೇರಿಸಿ ಹೇರ್‌ಬ್ಯಾಂಡ್‌ಗೆ ಹೊಲಿದಿರುತ್ತಾರಲ್ಲ, ಅದು.

ಅಂಗಡಿಯಲ್ಲಿ ಒಂದು ಲೇಸ್ ಫ್ರಾಕ್ ಹಾಕಿ ನೋಡಿದೆ. ಚೆನ್ನಾಗಿಯೇ ಇತ್ತು. ಫ್ಯಾಸಿನೇಟರ್ ಇಟ್ಟುಕೊಂಡ ಮೇಲೆ ಕನ್ನಡಿಯಲ್ಲಿ ಕಂಡವಳು ಮಾತ್ರ ಯಾರೋ ಬೇರೆಯವಳು. ಬಲೆ ಮೂಗಿನ ಮೇಲೆ ಬಂದು ಕುಳಿತಿತ್ತು, ಮೂಗುತಿಗೆ ಸಿಕ್ಕಿಕೊಳ್ಳುತ್ತಿತ್ತು. ಮನೆಗೆ ಬಂದು ಬೀರು ತೆಗೆದೆ. ಎಲೆ ಹಸಿರಿನ ಮೈಸೂರು ಸಿಲ್ಕ್, ಸಣ್ಣ ಜರಿ ಅಂಚು. ಮಂಗಳವಾರಕ್ಕೆ ಬೇಕಾದ ಬಣ್ಣ ಇಲ್ಲೇ ಇತ್ತು.

ಅಮ್ಮನಿಗೆ ಫೋನ್ ಮಾಡಿದಾಗ ಸುಮ್ನೆ ಹೇಳಿದೆ.

“ಕುದುರೆ ಜೂಜಿಗೆ ಮೈಸೂರ್ ಸಿಲ್ಕ್ ಉಟ್ಕೊಂಡು ಹೋಗ್ತೀಯೇನೇ?”

“ಜೂಜಾಡೋಕಲ್ಲಮ್ಮ, ಎಲ್ಲರ ಬಟ್ಟೆ ನೋಡೋಕೆ.”

“ಬಟ್ಟೆ ನೋಡೋಕೆ ಅಲ್ಲಿ ಅಂಗಡಿಗಳಿಲ್ವಾ?”

ನಮ್ಮೆಜಮಾನರು ನೀಲಿ ಸೂಟ್ ತೆಗೆದಿಟ್ಟು, ಐದು ನಿಮಿಷದಲ್ಲಿ ತಮ್ಮ ಕೆಲಸ ಮುಗಿಸಿದರು. ಮಗಳು ಬರುವುದಿಲ್ಲ ಎಂದಳು. 2020ರ ಕಪ್‌ನಲ್ಲಿ ಆಂಥನಿ ವಾನ್ ಡೈಕ್ ಎಂಬ ಕುದುರೆ ಓಡುವಾಗಲೇ ಕಾಲು ಮುರಿದುಕೊಂಡಿತ್ತು, ಅದಕ್ಕೆ ದಯಾಮರಣ ಕೊಡಬೇಕಾಯಿತು. ಅದು ಅವಳ ಮನಸ್ಸಿನಿಂದ ಹೋಗಿಲ್ಲ. ವಾದ ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ, ಮಾಡಲೂ ಇಲ್ಲ.

ಇಲ್ಲಿ ರೇಸ್ ಉಡುಪು ಅಂದರೆ ಹಳಬರು ತಪ್ಪದೆ ಹೇಳುವುದು 1965ರ ಕಥೆ. ಜೀನ್ ಶ್ರಿಂಪ್ಟನ್ ಎಂಬ ಇಂಗ್ಲಿಷ್ ಮಾಡೆಲ್ ಡರ್ಬಿ ಡೇಗೆ ಮಂಡಿಯಿಂದ ಮೇಲಿನ ಬಿಳಿ ಫ್ರಾಕ್ ತೊಟ್ಟು ಬಂದಳು. ಟೋಪಿ ಇಲ್ಲ, ಕೈಗವಸು ಇಲ್ಲ, ಕಾಲಿಗೆ ಸ್ಟಾಕಿಂಗ್ಸ್ ಇಲ್ಲ. ಊರೆಲ್ಲ ಗುಲ್ಲೋ ಗುಲ್ಲು. ಬಟ್ಟೆ ಸಾಲದೆ ಫ್ರಾಕ್ ಗಿಡ್ಡವಾಯಿತಂತೆ! ಫ್ಲೆಮಿಂಗ್ಟನ್‌ನಲ್ಲಿ 1962ರಿಂದ ಉಡುಪಿನ ಸ್ಪರ್ಧೆಯೂ ನಡೆಯುತ್ತಿದೆ, ಫ್ಯಾಷನ್ಸ್ ಆನ್ ದ ಫೀಲ್ಡ್ ಅಂತ. ಸ್ಟಾಕಿಂಗ್ಸ್ ಇಲ್ಲದ ಕಾಲಿಗೇ ಅಷ್ಟು ಗಲಾಟೆ ಮಾಡಿದ ಊರು ನನ್ನ ಸೊಂಟ ನೋಡಿ ಏನನ್ನುತ್ತಿತ್ತೋ. ಆದರೂ ಸೆರಗಿಗೆ ಎರಡು ಪಿನ್ ಜಾಸ್ತಿ ಹಾಕಿದೆ, ಊರಿಗೆ ಹೆದರಿ ಅಲ್ಲ, ಗಾಳಿಗೆ. ಮೆಲ್ಬರ್ನ್‌ನಲ್ಲಿ ಒಂದೇ ದಿನದಲ್ಲಿ ನಾಲ್ಕು ಋತು ಬರುತ್ತವೆ ಅನ್ನುವುದು ಸುಳ್ಳಲ್ಲ. ಹೀಗಾಗಿ ಉದ್ದ ತೋಳಿನ ಬ್ಲೌಸ್. ರೇಷ್ಮೆಗೆ ಮಳೆ ಹನಿ ಬಿದ್ದರೆ ಕಲೆ ನಿಲ್ಲುತ್ತದೆ, ಬ್ಯಾಗಿನಲ್ಲಿ ಒಂದು ಪ್ಲಾಸ್ಟಿಕ್ ರೇನ್‌ಕೋಟ್. ಹುಲ್ಲಿಗೆ ತಾಗದಂತೆ ಸೀರೆಯನ್ನು ಸ್ವಲ್ಪ ಮೇಲಕ್ಕೆ ಉಟ್ಟೆ. ಕಾಲಿಗೆ ಅಗಲ ಹಿಮ್ಮಡಿಯ ಚಪ್ಪಲಿ. ತಲೆಗೆ? ಕಪ್ ದಿನದ ಹೂವು ಹಳದಿ ಗುಲಾಬಿ. ಗಂಡಸರು ಅದನ್ನು ಕೋಟಿಗೆ ಸಿಕ್ಕಿಸಿಕೊಳ್ಳುತ್ತಾರೆ. ನಾನು ತುರುಬಿಗೆ ಮುಡಿದೆ.

ಫ್ಲೆಮಿಂಗ್ಟನ್ ರೈಲಿನಲ್ಲೇ ಅರ್ಧ ಮೆರವಣಿಗೆ ನೋಡಿದಂತಾಯಿತು. ಟೋಪಿಗಳು ಒಂದಕ್ಕೊಂದು ತಾಗದಂತೆ ಜನ ಕತ್ತು ಓರೆ ಮಾಡಿಕೊಂಡು ನಿಂತಿದ್ದರು. ಮೈದಾನದಲ್ಲಿ ಗಾಳಿ ಎದ್ದಿತು ನೋಡಿ, ಎಲ್ಲೆಲ್ಲೂ ಒಂದು ಕೈ ಟೋಪಿಗೆ, ಇನ್ನೊಂದು ಕೈ ಫ್ರಾಕ್‌ಗೆ. ಮೈಸೂರು ಸಿಲ್ಕ್ ಕ್ರೇಪ್ ಅಲ್ವಾ, ಅದಕ್ಕೆ ತನ್ನದೇ ತೂಕ. ನೆರಿಗೆ ಅಲುಗಲಿಲ್ಲ. ಚೂಪು ಹಿಮ್ಮಡಿಯವರು ಹುಲ್ಲಿನಲ್ಲಿ ಹೂತು ಹೂತು ನಡೆಯುತ್ತಿದ್ದರು. ನನ್ನ ಗೆಳತಿ ಮಧ್ಯಾಹ್ನದ ಹೊತ್ತಿಗೇ ಶೂ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು.

ಮೂರು ಗಂಟೆಗೆ ಕಪ್. 3200 ಮೀಟರ್, ಮೂರು ನಿಮಿಷ ಚಿಲ್ಲರೆ, ಮುಗಿದೇ ಹೋಯಿತು. ಹಸಿರು ಅಂಗಿಯ ಜಾಕಿಯ ಮೇಲೆ ಐದು ಡಾಲರ್ ಕಟ್ಟಿದ್ದೆ, ಸೀರೆಗೆ ಹೊಂದುತ್ತದೆ ಅಂತ. ಆ ಕುದುರೆ ಎಲ್ಲಿ ಬಂತೋ ಕಾಣಲೇ ಇಲ್ಲ. ಅಮ್ಮನಿಗೆ ಫೋಟೋ ಕಳಿಸಿದೆ, ಐದು ಡಾಲರ್ ವಿಷಯ ಕಳಿಸಲಿಲ್ಲ.

ಬರಿಗಾಲಲ್ಲಿದ್ದ ಗೆಳತಿ ವಾಪಸ್ ಬರುವಾಗ ರೈಲಿನಲ್ಲಿ ನನ್ನ ಸೆರಗಿನ ಅಂಚು ಮುಟ್ಟಿ ನೋಡಿದಳು. ಮುಂದಿನ ಡರ್ಬಿ ಡೇಗೆ ಅವಳಿಗೂ ಸೀರೆ ಬೇಕಂತೆ, ಕಪ್ಪು, ಬಿಳಿ ಅಂಚು. ಸೀರೆ ಊರಿಂದ ತರಿಸಬಹುದು. ಆರಡಿ ಎತ್ತರದವಳಿಗೆ ಮುಂಗೈವರೆಗಿನ ತೋಳಿನ ಬ್ಲೌಸ್ ಹೊಲಿಯಬೇಕು, ದೇವರಾಜ ಅರಸ್ ರಸ್ತೆಯ ಹತ್ತಿರದ ನಮ್ಮ ಟೈಲರ್‌ಗೆ ಅಳತೆ ಕಳಿಸಿದ್ದೇನೆ. ತಪ್ಪು ಬರೆದಿದ್ದೀರಾ ಮೇಡಂ ಅಂತ ಅವರು ಎರಡು ಸಲ ಕೇಳಿದರು.