ಶೇ. 99 ಅಂದ್ರೆ ಸಾಕಾ?

ನೆಟ್‌ವರ್ಕ್‌ಗೆ ನುಗ್ಗುವವರನ್ನು ನಮ್ಮ ಸಾಫ್ಟ್‌ವೇರ್ ಶೇ. 99 ಸರಿಯಾಗಿ ಹಿಡಿಯುತ್ತದೆ ಅಂತ ಯಾರಾದರೂ ಹೇಳಿದರೆ ನನಗೆ ಈಗ ಮೊದಲು ಬರೋದು ಅನುಮಾನ. ಕಲಬುರಗಿ ಬಿಸಿಲಲ್ಲಿ ಮಧ್ಯಾಹ್ನ ಹೊರಗೆ ಹೋಗೋ ಮಾತೇ ಇಲ್ಲ, ಕೂಲರ್ ಮುಂದೆ ಕೂತು ಇಂಥ ದಾಳಿ ಪತ್ತೆ ಯಾಕೆ ಕಷ್ಟ ಅಂತ ಸಂಶೋಧಕ ಸ್ಟೀಫನ್ ಆಕ್ಸೆಲ್ಸನ್ ಅವರು 2000ರಲ್ಲಿ ಪ್ರಕಟಿಸಿದ ಪ್ರಬಂಧ ಓದಿದೆ. ಲೆಕ್ಕ ಸರಳ. ಕಂಪ್ಯೂಟರ್‌ಗಳಲ್ಲಿ ಏನೇನು ನಡೀತು ಅನ್ನೋ ದಾಖಲೆ ದಿನಕ್ಕೆ 10 ಲಕ್ಷ ಬರುತ್ತವೆ ಅಂದುಕೊಳ್ಳಿ, ಅದರಲ್ಲಿ ದಾಳಿಗೆ ಸೇರಿದವು ಬರೀ 20. ಆ ಇಪ್ಪತ್ತನ್ನೂ ಒಂದೂ ಬಿಡದೆ ಹಿಡಿದರೂ, ಉಳಿದವುಗಳಲ್ಲಿ ನೂರಕ್ಕೆ ಒಂದು ತಪ್ಪು ಎಚ್ಚರಿಕೆ ಬಂದರೆ ಸಾಕು, ಸುಮಾರು 10,000 ಸುಳ್ಳು ಅಲಾರಂ! ಸೂಪರ್ ಮಾರ್ಕೆಟ್ ಹತ್ತಿರ ನಿಲ್ಲಿಸಿದ ಕಾರಿನ ಸೈರನ್ ಇದ್ದ ಹಾಗೆ, ಆಮೇಲೆ ಯಾರೂ ತಿರುಗಿ ನೋಡಲ್ಲ.

ಕಂಪ್ಯೂಟರ್ ವಿಜ್ಞಾನಿ ಡೊರೊತಿ ಡೆನ್ನಿಂಗ್ 1987ರಲ್ಲೇ ಈ ದಾಳಿ ಪತ್ತೆ ಕ್ಷೇತ್ರಕ್ಕೆ ಮಾದರಿ ಕೊಟ್ಟವರು. ಮಾಮೂಲಿ ನಡವಳಿಕೆ ಏನು ಅಂತ ಮೊದಲು ಕಲಿ, ಅದರಿಂದ ಬೇರೆ ಆಗಿದ್ದನ್ನು ಗುರುತಿಸು ಅನ್ನೋದು ಅದರ ತಿರುಳು. ಆದರೆ ಮಾಮೂಲಿ ಅನ್ನೋದೇ ದಿನಾ ಬದಲಾಗುತ್ತದಲ್ವಾ? ರಿಸಲ್ಟ್ ಬಂದ ದಿನ ಕಾಲೇಜಿನ ಸರ್ವರ್ ನೋಡಿ, ದಾಳಿಯೋ ವಿದ್ಯಾರ್ಥಿಗಳೋ ಗೊತ್ತಾಗಲ್ಲ.

ಇಷ್ಟಾದರೂ ನಮ್ಮ ಹುಡುಗರು ಪ್ರಾಜೆಕ್ಟ್‌ಗೆ ಇನ್ನೂ 1999ರ ಕೆಡಿಡಿ ಡೇಟಾನೇ, ಅಂದ್ರೆ ದಾಳಿ ಪತ್ತೆ ಪರೀಕ್ಷಿಸೋಕೆ ಆಗ ಕೊಟ್ಟ ಹಳೇ ನೆಟ್‌ವರ್ಕ್ ದಾಖಲೆಗಳನ್ನೇ, ತಗೊಳ್ತಾರೆ. ಎಂ.ಟೆಕ್ ಗೆಳೆಯರೇ, ಮುಂದಿನ ಸಲ ನಿಖರತೆ ಜೊತೆ ಸುಳ್ಳು ಅಲಾರಂ ಎಷ್ಟು ಅಂತಾನೂ ಬರೀರಿ.